ಮೊದಲು ತಾತನನ್ನೇ ಕೇಳಿ

ಹಿಂದೂಪುರದ ಮುದಿರೆಡ್ಡಿಪಲ್ಲಿಯ ಓಣಿಗೆ ಕಾಲಿಟ್ಟರೆ ಮೊದಲು ಕಿವಿಗೆ ಬೀಳುವುದು ಮಗ್ಗದ ಸದ್ದು. ಬೆಳಿಗ್ಗೆ ಎಂಟೂವರೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟಾಗಿದೆ. ಒಂದು ಜಗಲಿಯ ಮೇಲೆ ಬಣ್ಣ ಹಾಕಿದ ರೇಷ್ಮೆ ಲಡಿಗಳು ಕೋಲಿನಿಂದ ಇಳಿಬಿದ್ದಿವೆ. ನೀವು ನಡೆಯುತ್ತಿರುವುದು ಒಬ್ಬ ಆಕ್ಯುಪೇಶನಲ್ ಥೆರಪಿಸ್ಟ್ ಹಿಂದೆ. ಆಕೆಯ ಹೆಗಲ ಚೀಲದಲ್ಲಿ ಸ್ಟೆತಸ್ಕೋಪ್ ಇಲ್ಲ. ಹಳೇ ಸೈಕಲ್ ಟ್ಯೂಬಿನ ತುಂಡುಗಳು, ವೆಲ್ಕ್ರೋ ಪಟ್ಟಿ, ದಪ್ಪ ಹಿಡಿಯ ಎರಡು ಚಮಚ, ಕತ್ತರಿ, ಒಂದು ಫೈಲು ಇವೆ.

ಆಕೆಯ ಹೆಸರು ಇಲ್ಲಿ ಬೇಡ. ನಾವು ಹೋಗುವ ಮನೆಗಳವರ ಹೆಸರಂತೂ ಬೇಡವೇ ಬೇಡ. ಈ ಸೀಮೆಯ ಇಂಥ ಮನೆಗಳಲ್ಲಿ ನಡೆಯುವುದನ್ನು ಒಂದು ದಿನಕ್ಕೆ ಹೊಂದಿಸಿ ಹೇಳುತ್ತಿದ್ದೇನೆ, ಯಾರ ಗುರುತೂ ಸಿಗದ ಹಾಗೆ. ಕಾಯಿಲೆಯ ಮನೆಯ ಮಾತನ್ನು ಹೊರಗೆ ಆಡುವಾಗ ಅಷ್ಟಾದರೂ ಕಾಯಬೇಕು.

ಒಳಗೆ ಗುಂಡಿ ಮಗ್ಗ. ಪಕ್ಕದ ಮಂಚದ ಮೇಲೆ ತಾತ. ಲಕ್ವ ಹೊಡೆದು ಆರು ತಿಂಗಳಾಗಿದೆ. ಬಲಗೈ ತೊಡೆಯ ಮೇಲೆ ಮಡಿಸಿಕೊಂಡಿದೆ, ಮಾತು ತೊದಲು. ಮಗ ಮಗ್ಗದಿಂದ ಎದ್ದು ಬಂದು, "ಬನ್ನಿ ಡಾಕ್ಟ್ರಮ್ಮ" ಅಂತ ಸ್ಟೂಲು ಎಳೆಯುತ್ತಾನೆ. ಆಕೆ ಕೂರುವ ಮೊದಲೇ ತಿದ್ದುತ್ತಾಳೆ: "ನಾನು ಡಾಕ್ಟರಲ್ಲ ಅಣ್ಣ, ಥೆರಪಿಸ್ಟು. ಮಾತ್ರೆ ಬರೆಯೋದು, ಬಿಡಿಸೋದು ನನ್ನ ಕೆಲಸ ಅಲ್ಲ." ನಿಮಗಿದು ಸಣ್ಣ ಮಾತು ಅನ್ನಿಸಬಹುದು. ಆದರೆ ಹಳ್ಳಿಯಲ್ಲಿ ಚೀಲ ಹಿಡಿದು ಬಂದವರೆಲ್ಲ ಡಾಕ್ಟರೇ. ಆ ಗೌರವ ಪುಕ್ಕಟೆ ಸಿಗುತ್ತದೆ, ಬೇಡ ಅನ್ನುವವರು ಕಡಿಮೆ. ಗೊತ್ತಿಲ್ಲದ್ದನ್ನು ಗೊತ್ತಿದೆ ಅನ್ನಿಸಿಕೊಂಡ ಕ್ಷಣದಿಂದಲೇ ತಪ್ಪು ಶುರುವಾಗುತ್ತದೆ.

ಹಾಗಾದರೆ ಆಕೆಯ ಕೆಲಸ ಏನು? ಫಿಜಿಯೋಥೆರಪಿಸ್ಟ್ ಕೈಗೆ ಬಲ ಬರಿಸಲು, ಕಾಲನ್ನು ನಡೆಸಲು ನೋಡುತ್ತಾರೆ. ಆಕ್ಯುಪೇಶನಲ್ ಥೆರಪಿಸ್ಟ್ ಆ ಕೈಕಾಲಿನಿಂದ ದಿನದ ಕೆಲಸ ಏನಾಗಬೇಕೋ ಅದನ್ನು ನೋಡುತ್ತಾರೆ: ಉಣ್ಣುವುದು, ಮೀಯುವುದು, ಪಂಚೆ ಉಡುವುದು, ಪಾಯಿಖಾನೆಗೆ ಹೋಗುವುದು, ದುಡಿಯುವುದು. ನಮ್ಮ ದೇಶದಲ್ಲಿ ಈ ವಿದ್ಯೆಯ ಮೊದಲ ಶಾಲೆ ಶುರುವಾದದ್ದು 1950ರಲ್ಲಿ, ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ. ಶುರು ಮಾಡಿದವರು ಅಮೆರಿಕದಲ್ಲಿ ಹುಟ್ಟಿ ಇಲ್ಲಿಗೆ ಸೊಸೆಯಾಗಿ ಬಂದ ಕಮಲಾ ನಿಂಬ್ಕರ್. ಎರಡೇ ವರ್ಷಕ್ಕೆ, 1952ರಲ್ಲಿ, ಈ ವೃತ್ತಿಯವರ ವಿಶ್ವ ಒಕ್ಕೂಟ ಹುಟ್ಟಿದಾಗ ಅದನ್ನು ಕಟ್ಟಿದ ಹತ್ತು ದೇಶಗಳಲ್ಲಿ ಭಾರತವೂ ಒಂದು. ಆ ಒಕ್ಕೂಟದ್ದೊಂದು ನೀತಿಸಂಹಿತೆ ಇದೆ. ರೋಗಿಯ ಇಚ್ಛೆಗೆ ಬೆಲೆ ಕೊಡು, ಗುಟ್ಟು ಕಾಪಾಡು, ಬಲ್ಲದ್ದನ್ನಷ್ಟೇ ಮಾಡು ಎಂಬುದು ಅದರ ಸಾರ. ಓದುವಾಗ ಇದರಲ್ಲೇನು ಕಷ್ಟ ಅನ್ನಿಸುತ್ತದೆ. ಕಷ್ಟ ಏನೆಂಬುದು ಈ ಮಂಚದ ಪಕ್ಕ ಕೂತಾಗ ಗೊತ್ತಾಗುತ್ತದೆ.

"ಅಪ್ಪ ಎದ್ದು ಓಡಾಡಿದ್ರೆ ಸಾಕು ಮೇಡಂ" ಅಂತ ಮಗ. "ತಾವೇ ಉಂಡ್ರೆ ಸಾಕು" ಅಂತ ಸೊಸೆ. ಇಬ್ಬರದೂ ನ್ಯಾಯವೇ. ಆಕೆ ಎರಡನ್ನೂ ಬರೆದುಕೊಂಡು ಮಂಚದ ಕಡೆ ತಿರುಗುತ್ತಾಳೆ.

"ತಾತಾ, ನಿಮಗೇನು ಬೇಕು?"

ತಾತ ಬಾಯಿ ತೆರೆಯುತ್ತಾರೆ. ಮಾತು ಹೊರಡುವುದಿಲ್ಲ. ಮಗ ಉತ್ತರ ಹೇಳಲು ಹೊರಟರೆ ಆಕೆ ಕೈಯೆತ್ತಿ ತಡೆಯುತ್ತಾಳೆ. ಕಾಯಬೇಕು. ನಿಮಗೆ ಕೂತಲ್ಲೇ ಕಸಿವಿಸಿ. ಪಕ್ಕದ ಮನೆಯ ಲಾಳಿಯ ಸದ್ದು ಕೇಳುತ್ತಿದೆ. ಕೊನೆಗೆ ತಾತನ ಎಡಗೈ ಮೂಲೆಯ ಕಡೆ ಏಳುತ್ತದೆ. ಅಲ್ಲಿ ಲಾಳಿಗೆ ನೂಲು ಸುತ್ತಿಕೊಡುವ ರಾಟೆ ಇದೆ. "ಕಂ... ಕಂಡಿಕೆ."

ಮಗನಿಗೆ ಮುಜುಗರ. "ಕಂಡಿಕೆ ಸುತ್ತೋದು ಹೆಂಗಸರ ಕೆಲಸ ಮೇಡಂ. ನಮ್ಮಪ್ಪ ನಲವತ್ತು ವರ್ಷ ಸೀರೆ ನೇಯ್ದೋರು." ತಾತ ಮಗನನ್ನು ನೋಡುವುದೇ ಇಲ್ಲ. ಮಗ್ಗಕ್ಕೆ ಇಳಿಯಲಾಗದು ಅಂತ ಅವರಿಗೂ ಗೊತ್ತು. ಮನೆಯ ಮಗ್ಗಕ್ಕೆ ತನ್ನಿಂದ ಒಂದು ಎಳೆ ಹೋಗಲಿ ಅನ್ನುವ ಆಸೆ ಅದು. ಥೆರಪಿಸ್ಟ್ ಫೈಲಿನಲ್ಲಿ ಮೊದಲ ಗುರಿ ಅಂತ ಬರೆಯುವುದು ಅದನ್ನೇ. ನಡಿಗೆ, ಊಟ ಆಮೇಲಿನ ಸಾಲಿಗೆ.

ಶುರು ಮಾಡುವ ಮೊದಲು ಒಪ್ಪಿಗೆಯ ಕಾಗದ. ಅದು ಇಂಗ್ಲಿಷಿನಲ್ಲಿದೆ. ಸರ್ಕಾರದ ಕಾಗದಗಳು ತೆಲುಗಿನವು. ಈ ಮನೆಯ ಮಾತು ಕನ್ನಡ, ನಡುನಡುವೆ ತೆಲುಗು ಬೆರೆತದ್ದು. ಹೆಬ್ಬೆಟ್ಟು ಒತ್ತಿಸಿಕೊಂಡು ಮುಂದೆ ಹೋಗುವುದು ಎರಡು ನಿಮಿಷದ ಕೆಲಸ. ಆಕೆ ಅದನ್ನು ಮಡಿಚಿಟ್ಟು ಹೇಳುತ್ತಾಳೆ: "ನಿಮ್ಮ ಕೈ ಹಿಡಿದು ರಾಟೆಗೆ ಕಟ್ತೀನಿ ತಾತ. ಸ್ವಲ್ಪ ನೋಯಬಹುದು. ನೋವಾದ್ರೆ ಎಡಗೈ ಎತ್ತಿ, ಅಲ್ಲಿಗೇ ನಿಲ್ಲಿಸ್ತೀನಿ. ಬೇಡ ಅಂದ್ರೂ ನಂಗೆ ಬೇಜಾರಿಲ್ಲ, ಮುಂದಿನ ವಾರ ಬಂದೇ ಬರ್ತೀನಿ." ಈ ಕಡೆಯ ಮಾತನ್ನು ಹೇಳದೆ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ. ಬೇಡ ಅಂದರೆ ಮೇಡಂ ಮತ್ತೆ ಬರುವುದಿಲ್ಲವೇನೋ ಎಂಬ ಅಂಜಿಕೆಯಲ್ಲೇ ಬಡವರು ಎಷ್ಟೋ ಸಲ ಹೂಂ ಅನ್ನುತ್ತಾರೆ.

ಈಗ ಹತ್ತಿರದಿಂದ ನೋಡಿ. ಮಂಚ ಎತ್ತರವಾಯಿತೆಂದು ತಾತನನ್ನು ಗೋಡೆಗೆ ಒರಗಿಸಿ ಮಣೆಯ ಮೇಲೆ ಕೂರಿಸಿದ್ದಾಳೆ. ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ರಾಟೆಯ ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿ, ಅದರ ಮೇಲೆ ಅಂಗೈ ಇರಿಸಿ ವೆಲ್ಕ್ರೋ ಬಿಗಿಯುತ್ತಾಳೆ. ಸೋತ ಕೈಗೆ ತಿರುಗಿಸುವ ಕೆಲಸ, ಗಟ್ಟಿ ಕೈಗೆ ಎಳೆ ಹಿಡಿಯುವ ಕೆಲಸ. ಮೊದಲ ಸುತ್ತು ಭುಜದಿಂದ ಬರುತ್ತದೆ, ಬೆರಳಿಂದಲ್ಲ. ಎಳೆ ತುಂಡಾಗುತ್ತದೆ, ಸೊಸೆ ಗಂಟು ಹಾಕುತ್ತಾಳೆ. ಮತ್ತೆ ತುಂಡಾಗುತ್ತದೆ. ಈ ಸಲ ತಾತ ತಾವೇ ಎಳೆಯ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು ಎಡಗೈಯಲ್ಲಿ ಗಂಟು ಬಿಗಿಯುತ್ತಾರೆ. ಯಾರೂ ಕಲಿಸಿಕೊಟ್ಟದ್ದಲ್ಲ. ಮುಕ್ಕಾಲು ಗಂಟೆಗೆ ಮೂರು ಕಂಡಿಕೆ. ಮೂರನೆಯದು ಒಂದು ಕಡೆ ಉಬ್ಬಿದೆ. ಆದರೂ ಮಗ ಅದನ್ನು ಲಾಳಿಗೆ ಹಾಕಿಕೊಳ್ಳುತ್ತಾನೆ.

ಆಮೇಲೆ ಸ್ನಾನದ ಮಾತು. ಈ ವೃತ್ತಿಯವರು ಬಚ್ಚಲಿಗೂ ಹೋಗಬೇಕು, ಬಟ್ಟೆ ಬಿಚ್ಚುವುದನ್ನೂ ನೋಡಬೇಕು. ಒಂದೇ ಕೋಣೆಯ ಮನೆ, ಹಿತ್ತಿಲಲ್ಲಿ ಪ್ಲಾಸ್ಟಿಕ್ ಹಾಳೆ ಕಟ್ಟಿದ ಬಚ್ಚಲು. ಇಷ್ಟು ದಿನ ಮೀಯಿಸಿದವಳು ಸೊಸೆ, ಒಂದು ದೂರೂ ಹೇಳದೆ. "ಮೀಸೋಕೆ ಯಾರಿದ್ರೆ ಒಳ್ಳೇದು ತಾತ?" ಎಂದು ಕೇಳಿದರೆ ತಾತ ನೆಲ ನೋಡುತ್ತಾ ಮಗನ ಕಡೆ ಬೆರಳು ತೋರಿಸುತ್ತಾರೆ. ಆರು ತಿಂಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಹೊರಡುವಾಗ ಮಗ ಬಾಗಿಲವರೆಗೆ ಬಂದು ದನಿ ತಗ್ಗಿಸುತ್ತಾನೆ. "ಮೇಡಂ, ಇವತ್ತಿನದ್ದು ಫೈಲಲ್ಲಿ ಬರೀಬೇಡಿ."

ಯಾಕೆಂದು ನಿಮಗೆ ತಿಳಿಯಬೇಕಾದರೆ ಆಂಧ್ರದ ಪಿಂಚಣಿಯ ಲೆಕ್ಕ ತಿಳಿಯಬೇಕು. 2024ರಿಂದ ಎನ್‌ಟಿಆರ್ ಭರೋಸಾ ಯೋಜನೆಯಲ್ಲಿ ಅಂಗವಿಕಲರಿಗೆ ತಿಂಗಳಿಗೆ 6,000 ರೂಪಾಯಿ. ಲಕ್ವ ಹೊಡೆದು ಹಾಸಿಗೆಯನ್ನೋ ಗಾಲಿಕುರ್ಚಿಯನ್ನೋ ಹಿಡಿದವರಿಗೆ 15,000. ನಡುವೆ 9,000 ರೂಪಾಯಿ ಅಂತರ. ನೇಕಾರರ ಮನೆಯಲ್ಲಿ ಅದು ಸಣ್ಣ ಮೊತ್ತವಲ್ಲ. 2025ರಲ್ಲಿ ಸರ್ಕಾರ ಅಂಗವಿಕಲರ ಪಿಂಚಣಿಗಳನ್ನೆಲ್ಲ ಮರುಪರಿಶೀಲನೆಗೆ ಹಚ್ಚಿತು. ಸುಳ್ಳು ಸರ್ಟಿಫಿಕೇಟಿನವರ ಜೊತೆಗೆ ನಿಜವಾಗಿ ಕೈಲಾಗದವರೂ ನಡುಗಿದರು. ಶೇಕಡಾ ಎಷ್ಟು ಎಂದು ತೀರ್ಮಾನಿಸುವುದು ವೈದ್ಯರು, ಥೆರಪಿಸ್ಟ್ ಅಲ್ಲ. ಆದರೆ ಅವರ ಮುಂದೆ ಮನೆಯವರು ಇಡುವ ಫೈಲಿನಲ್ಲಿ ಈಕೆಯ ಬರಹವೂ ಇರುತ್ತದೆ.

"ಹಾಸಿಗೆ ಹಿಡಿದವ್ರೆ ಅಂತ ಬರೆದ್ರೆ ನಿಮ್ಮ ಗಂಟೇನು ಹೋಗ್ತೈತೆ ಮೇಡಂ? ಸರ್ಕಾರದ ದುಡ್ಡು ತಾನೆ?"

ಅವನು ಕೆಟ್ಟವನಲ್ಲ. ನೀವು ಆ ಜಾಗದಲ್ಲಿದ್ದರೂ ಕೇಳುತ್ತಿದ್ದಿರೇನೋ. ಆಕೆ ಉಪದೇಶಕ್ಕಿಳಿಯದೆ ಫೈಲು ಬಿಚ್ಚಿ ಬರೆದದ್ದನ್ನು ಅವನಿಗೆ ಓದಿ ಹೇಳುತ್ತಾಳೆ. ಗೋಡೆಯ ಆಸರೆಯಲ್ಲಿ ಕೂತು ಮುಕ್ಕಾಲು ಗಂಟೆಯಲ್ಲಿ ಮೂರು ಕಂಡಿಕೆ ಸುತ್ತಿದರು. ರಾಟೆ ಸಿದ್ಧ ಮಾಡಿಕೊಡಲು ಇನ್ನೊಬ್ಬರು ಬೇಕು. ಬಲಗೈಯಲ್ಲಿ ಲೋಟ ಹಿಡಿಯಲಾಗದು. ಗುಂಡಿ ಹಾಕಿಕೊಳ್ಳಲಾಗದು. ಒಬ್ಬರೇ ಏಳಲಾಗದು, ಪಾಯಿಖಾನೆಗೆ ಇಬ್ಬರು ಬೇಕು. ಮಾತು ಅರ್ಥವಾಗಲು ಹೊತ್ತು ಹಿಡಿಯುತ್ತದೆ. "ಆಗೋದನ್ನೂ ಬರೆದಿದೀನಿ, ಆಗದ್ದನ್ನೂ ಬರೆದಿದೀನಿ. ಇದರಲ್ಲಿ ಒಂದಕ್ಷರ ಸುಳ್ಳಿದ್ರೆ ನಾಳೆ ಇಡೀ ಫೈಲೇ ಸುಳ್ಳಾಗ್ತದೆ ಅಣ್ಣ. ಇದೇ ಕಾಗದ ಹಿಡಿದು ನ್ಯಾಯವಾಗಿ ಎಷ್ಟು ಬರಬೇಕೋ ಅಷ್ಟು ಕೇಳಿ. ಅರ್ಜಿಗೆ ನಾನೂ ಸಹಾಯ ಮಾಡ್ತೀನಿ."

'ಸುಧಾರಿಸಿದ್ದಾರೆ' ಎಂದು ಒಂದೇ ಪದ ಗೀಚಿದ್ದರೂ ಸುಳ್ಳೇ ಆಗುತ್ತಿತ್ತು, ಅದೂ ಬಡವನ ಹೊಟ್ಟೆಯ ಮೇಲೆ ಹೊಡೆಯುವ ಸುಳ್ಳು. ಕನಿಕರ ತೋರಿಸುವುದಿದ್ದರೆ ಅರ್ಧ ನಿಜ ಬರೆಯದೆ ಪೂರ್ತಿ ನಿಜ ಬರೆಯಬೇಕು. ಅದಕ್ಕೆ ಹೊತ್ತು ಬೇಕು, ಪುಟ ಬೇಕು. ಮಗ ಒಪ್ಪಿದನೋ ಇಲ್ಲವೋ ಮುಖ ನೋಡಿ ಹೇಳಲಾಗದು.

ಓಣಿಯ ತುದಿಯಲ್ಲಿ ಸ್ಥಳೀಯ ಸಚಿವಾಲಯ ಕಚೇರಿಯ ಸಿಬ್ಬಂದಿಯೊಬ್ಬರು ಬೈಕ್ ನಿಲ್ಲಿಸುತ್ತಾರೆ. ಪಿಂಚಣಿ ಹಂಚುವವರು, ಊರಿಗೆಲ್ಲ ಬೇಕಾದವರು. "ಏನು ಮೇಡಂ, ತಾತ ಓಡಾಡ್ತಾರಾ?" ಆಕೆ ನಗುತ್ತಾಳೆ. "ಮನೆಯವರನ್ನೇ ಕೇಳಿ ಸರ್." ನಿಷ್ಠುರ ಅನ್ನಿಸಿಕೊಂಡರೂ ಸರಿ. ಸುಳ್ಳು ಬರೆಯಲು ಒಪ್ಪದವಳು ಚಾಡಿ ಹೇಳಲೂ ಒಪ್ಪುವುದಿಲ್ಲ.

ಈಗ ಬಸ್ಸು ಹತ್ತಿ. ಹಿಂದೂಪುರದಿಂದ ಮಡಕಶಿರಾ ಮೇಲೆ ಪಾವಗಡ, ಅಲ್ಲಿಂದ ಕಂಬದೂರು ಹಾದು ಕಲ್ಯಾಣದುರ್ಗ. ಬಿಸಿಲಿಗೆ ಕಾದ ಬಂಡೆಗುಡ್ಡಗಳು, ಹುಣಸೆಮರಗಳು, ಕಡಲೆಕಾಯಿ ಹೊಲಗಳು. ದಾರಿಯಲ್ಲಿ ಆಂಧ್ರ ಮುಗಿದು ಕರ್ನಾಟಕ ಬರುತ್ತದೆ, ಮತ್ತೆ ಆಂಧ್ರ. ಅಂಗಡಿ ಬೋರ್ಡುಗಳ ಲಿಪಿ ಬದಲಾಗುತ್ತದೆ, ಬಸ್ಸಿನೊಳಗಿನ ಮಾತು ಬದಲಾಗುವುದಿಲ್ಲ. ಬದಲಾಗುವುದು ಕಚೇರಿ. 2022ರ ಏಪ್ರಿಲ್‌ನಲ್ಲಿ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು, ಪಾವಗಡ ತುಮಕೂರಿನದು. ಒಂದೇ ಕಾಯಿಲೆಯ ಮೂವರು ಮೂರು ಜಿಲ್ಲಾ ಕಚೇರಿಗೆ ಅಲೆಯಬೇಕು, ಪಿಂಚಣಿಯ ನಿಯಮವೂ ಎರಡು ರಾಜ್ಯಕ್ಕೆ ಎರಡು ಥರ.

ಪಾವಗಡದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಬದಲಾಯಿಸುವಾಗ ಆಕೆ ಕುಷ್ಠದ ಮಾತು ತೆಗೆಯುತ್ತಾಳೆ. ಇಲ್ಲಿನ ಸ್ವಾಮಿ ವಿವೇಕಾನಂದ ಗ್ರಾಮೀಣ ಆರೋಗ್ಯ ಕೇಂದ್ರ ಕುಷ್ಠರೋಗಿಗಳ ಆರೈಕೆಗೆ ಹೆಸರಾದದ್ದು. ರೋಗ ವಾಸಿಯಾದರೂ ಅಂಗೈಯ ಸ್ಪರ್ಶ ಮರಳದೆ ಇರಬಹುದು. ಒಲೆಯ ಮೇಲಿನ ಪಾತ್ರೆ ಕೈ ಸುಟ್ಟರೂ ತಿಳಿಯುವುದಿಲ್ಲ. ಪಾತ್ರೆಗೆ ಮರದ ಹಿಡಿ ಹಾಕಿಸುವುದು, ದಿನಾ ಸಂಜೆ ಅಂಗೈ ನೋಡಿಕೊಳ್ಳುವುದನ್ನು ಕಲಿಸುವುದು ಥೆರಪಿಸ್ಟರ ಕೆಲಸ. ಆದರೆ ಕೇಂದ್ರದ ಹೆಸರು ಬರೆದ ಜೀಪು ಒಬ್ಬ ಹೆಂಗಸಿನ ಬಾಗಿಲಲ್ಲಿ ನಿಂತರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಕುಷ್ಠದ ನೆಪದಲ್ಲಿ ವಿಚ್ಛೇದನ ಕೊಡಲು ಕಾನೂನೇ ದಾರಿ ಬಿಟ್ಟಿತ್ತು. ಅದು ಹೋದದ್ದು 2019ರಲ್ಲಿ. ಕಾನೂನು ತಿದ್ದಿದಷ್ಟು ಬೇಗ ಊರಿನ ಬಾಯಿ ತಿದ್ದಿಕೊಳ್ಳುವುದಿಲ್ಲ. ಅದಕ್ಕೇ ಜೀಪನ್ನು ಊರಾಚೆಯ ಅರಳೀಕಟ್ಟೆಯ ಬಳಿ ಬಿಟ್ಟು, ನೆಂಟರ ಹಾಗೆ ಬರಿಗೈಯಲ್ಲಿ ನಡೆದು ಹೋಗುವುದು. ಗುಟ್ಟು ಕಾಯುವುದೆಂದರೆ ಫೈಲಿಗೆ ಬೀಗ ಹಾಕುವುದಷ್ಟೇ ಅಲ್ಲ.

ಕಲ್ಯಾಣದುರ್ಗ ಮುಟ್ಟುವಾಗ ಮಧ್ಯಾಹ್ನದ ಬಿಸಿಲು ಇಳಿಮುಖ. 1969ರಲ್ಲಿ ವಿಸೆಂಟೆ ಫೆರರ್ ಅನಂತಪುರದಲ್ಲಿ ಕಟ್ಟಿದ ರೂರಲ್ ಡೆವಲಪ್‌ಮೆಂಟ್ ಟ್ರಸ್ಟಿನ ಆಸ್ಪತ್ರೆಯೊಂದು ಈ ಊರಲ್ಲಿದೆ. ಅಂಗವಿಕಲ ಮಕ್ಕಳಿಗಾಗಿ ಸರ್ಕಾರದ ಭವಿತ ಕೇಂದ್ರಗಳು ಮಂಡಲಗಳಲ್ಲಿವೆ. ಆದರೆ ಕೇಂದ್ರದವರೆಗೆ ಹೊತ್ತು ತರಲಾಗದ ಮಕ್ಕಳೂ ಇರುತ್ತಾರೆ. ಈಗ ನೀವು ಹೊಸ್ತಿಲು ದಾಟುತ್ತಿರುವುದು ಅಂಥದೊಂದು ಮನೆಯದು.

ಆರು ವರ್ಷದ ಹುಡುಗ, ಸೆರೆಬ್ರಲ್ ಪಾಲ್ಸಿ. ಅಜ್ಜಿ ಅವನನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು, ಬೇಳೆ ಹಾಕಿ ಮಿದ್ದ ಅನ್ನವನ್ನು ಬಾಯಿಗೆ ತುರುಕುತ್ತಿದ್ದಾಳೆ. ತಲೆ ಹಿಂದಕ್ಕೆ ಬಿದ್ದಿದೆ, ಹುಡುಗ ಕೆಮ್ಮುತ್ತಾನೆ, ಅಜ್ಜಿ ಇನ್ನೊಂದು ತುತ್ತು ಹಿಡಿಯುತ್ತಾಳೆ. ಅದು ಪ್ರೀತಿಯೇ. ಆದರೆ ಅನ್ನ ಶ್ವಾಸನಾಳಕ್ಕೆ ಜಾರಿದರೆ ಜೀವಕ್ಕೇ ಸಂಚಕಾರ. ಥೆರಪಿಸ್ಟ್ ಬೈಯುವುದಿಲ್ಲ. "ಅಜ್ಜೀ, ನಾನೊಂದು ತುತ್ತು ಕೊಡ್ಲಾ?" ಎಂದು ಹುಡುಗನನ್ನು ನೆಟ್ಟಗೆ ಕೂರಿಸಿ, ಗದ್ದ ಕೊಂಚ ಕೆಳಗೆ ಬಾಗುವಂತೆ ಹಿಡಿದು, ಚಮಚವನ್ನು ಎದುರಿನಿಂದ ತಂದು ನಾಲಿಗೆಯ ಮೇಲೆ ಮೆಲ್ಲಗೆ ಒತ್ತುತ್ತಾಳೆ. ತುಟಿ ಮುಚ್ಚುತ್ತದೆ, ನುಂಗುತ್ತಾನೆ. ಕೆಮ್ಮಿಲ್ಲ. ಐದಾರು ಚಮಚದ ನಂತರ ಹುಡುಗ ಮುಖ ಗೋಡೆಯ ಕಡೆ ತಿರುಗಿಸುತ್ತಾನೆ. ಚಮಚ ಅಲ್ಲೇ ನಿಲ್ಲುತ್ತದೆ. "ಸಾಕು ಅಂದ ಅಜ್ಜಿ." ಅಜ್ಜಿಗೆ ಆಶ್ಚರ್ಯ: "ಅವನಿಗೆ ಮಾತೇ ಬರಲ್ವಲ್ಲವ್ವ!" ಬಾಯಲ್ಲಿ ಮಾತು ಬಾರದವನಿಗೂ ಬೇಡ ಅನ್ನಲು ಬರುತ್ತದೆ. ಅದನ್ನು ಕೇಳಿಸಿಕೊಳ್ಳುವುದು ಎದುರಿಗೆ ಕೂತವರ ಹೊಣೆ.

ಹೊಲದಿಂದ ಬಂದ ಅಪ್ಪ ಕಂಬಕ್ಕೆ ಒರಗಿ ಕೇಳುವುದು ಒಂದೇ ಪ್ರಶ್ನೆ. "ಯಾವಾಗ ನಡೀತಾನೆ ಮೇಡಂ?" ನಗರದಿಂದ ಏಜೆಂಟನೊಬ್ಬ ಬಂದಿದ್ದನಂತೆ. ಸ್ಟೆಮ್ ಸೆಲ್ ಚುಚ್ಚಿದರೆ ಓಡಾಡುತ್ತಾನೆ, ಲಕ್ಷಗಳಲ್ಲಿ ಖರ್ಚು ಅಂದನಂತೆ. ಎರಡು ಎಕರೆ ಕಡಲೆಕಾಯಿ ಹೊಲ ಮಾರುವ ಯೋಚನೆ ನಡೆದಿದೆ. ಇಂಥ ಮಕ್ಕಳನ್ನು ಕಳಿಸಿಕೊಟ್ಟರೆ ತಲೆಗಿಷ್ಟು ಕಮಿಷನ್ ಎಂಬ ಫೋನು ಥೆರಪಿಸ್ಟರಿಗೂ ಬರುತ್ತದೆ. ಇದು ಈ ವೃತ್ತಿಯಲ್ಲಿ ಎಲ್ಲರಿಗೂ ಗೊತ್ತಿದ್ದೂ ಯಾರೂ ಜೋರಾಗಿ ಆಡದ ಮಾತು.

ಆಕೆ ಅಪ್ಪನ ಎದುರು ನೆಲದ ಮೇಲೆ ಕೂರುತ್ತಾಳೆ. "ನಡೀತಾನೆ ಅಂದ್ರೆ ನಾನು ಸುಳ್ಳು ಹೇಳಿದಂಗೆ ಆಗ್ತದೆ ಅಣ್ಣ. ನಾಲ್ಕು ವರ್ಷ ದಾಟಿದ್ರೂ ಆಸರೆ ಇಲ್ಲದೆ ಕೂರೋಕೆ ಆಗದ ಮಕ್ಕಳು ಮುಂದೆ ನಡೆಯೋದು ತೀರಾ ಅಪರೂಪ. ಆ ಚುಚ್ಚುಮದ್ದಿಂದ ಈ ಕಾಯಿಲೆ ವಾಸಿಯಾಗ್ತದೆ ಅಂತ ಯಾರೂ ಸಾಬೀತು ಮಾಡಿಲ್ಲ." ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ. ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಕಸಿ ಬಿಟ್ಟರೆ, ಅನುಮತಿ ಪಡೆದ ಪ್ರಯೋಗದ ಹೊರಗೆ ಸ್ಟೆಮ್ ಸೆಲ್ಲನ್ನು ಚಿಕಿತ್ಸೆಯೆಂದು ಮಾರುವಂತಿಲ್ಲ.

ಅಪ್ಪ ಎದ್ದು ಹೊರಗೆ ಹೋಗುತ್ತಾನೆ. ಆಕೆ ಕರೆಯುವುದಿಲ್ಲ. ಸ್ವಲ್ಪ ಹೊತ್ತಿಗೆ ಬೀಡಿ ಆರಿಸಿ ಬಂದು ಕೇಳುತ್ತಾನೆ: "ಮತ್ತೇನು ಮಾಡ್ಬೋದು?" ಈಗ ನಿಜವಾದ ಕೆಲಸದ ಮಾತು. ಕೂರಲು ಮೂಲೆಯ ಕುರ್ಚಿ, ಊರ ಬಡಗಿಯೇ ಮಾಡಬಲ್ಲದ್ದು. ಕೆಮ್ಮಿಲ್ಲದೆ ಊಟ. ಬೇಕು ಬೇಡ ತೋರಿಸಲು ಎರಡು ಚಿತ್ರ. ಪ್ಲಾಸ್ಟಿಕ್ ಕುರ್ಚಿಗೆ ತೂತು ಕೊರೆದು ಪಾಯಿಖಾನೆಯ ವ್ಯವಸ್ಥೆ. ಹೊಲ ಮಾರದೆ ಆಗುವ ಕೆಲಸಗಳು ಇವೆಲ್ಲ.

ಇನ್ನೇನು ಹೊರಡಬೇಕು, ಕಾರೊಂದು ಬರುತ್ತದೆ. ಹೋದ ತಿಂಗಳು ಸಮಾರಂಭದಲ್ಲಿ ಗಾಲಿಕುರ್ಚಿ ಕೊಟ್ಟ ದಾನಿಗಳ ಕಡೆಯವರು. ವಿಡಿಯೋ ಬೇಕು. ಕುರ್ಚಿ ದೊಡ್ಡವರ ಅಳತೆಯದು. ಹುಡುಗ ಅದರಲ್ಲಿ ಜಾರುತ್ತಾನೆ, ಬೆನ್ನು ಸೊಟ್ಟಗಾಗುತ್ತದೆ. ಮೂಲೆಯಲ್ಲಿ ಅದರ ಮೇಲೆ ಈರುಳ್ಳಿ ಚೀಲ ಇಟ್ಟಿದ್ದಾರೆ. ತಾಯಿ ಚೀಲ ಇಳಿಸಿ, ಮಗನ ಕೂದಲು ಬಾಚಿ, ಆಗಲೇ ತಲೆಯಾಡಿಸುತ್ತಿದ್ದಾಳೆ. ಥೆರಪಿಸ್ಟ್ ಅವಳನ್ನು ಅಡುಗೆಮನೆಗೆ ಕರೆದು ಕೇಳುತ್ತಾಳೆ: "ನಿನಗೆ ಇಷ್ಟ ಇದೆಯೇನಮ್ಮ?"

ಅವಳು ಮರುಪ್ರಶ್ನೆ ಹಾಕುತ್ತಾಳೆ: "ಬೇಡ ಅಂದ್ರೆ ಕುರ್ಚಿ ವಾಪಸ್ ತಗೊಂಡ್ಹೋಗಲ್ವಾ ಅಕ್ಕ?"

ತಲೆಯಾಡಿಸಿದ್ದು ಒಪ್ಪಿಗೆಯಲ್ಲ, ಹೆದರಿಕೆ. ಆಕೆ ಹೊರಗೆ ಬಂದು, ಮಗುವಿನ ಮುಖ ಬೇಡ, ಬೇಕಾದರೆ ಕುರ್ಚಿಯ ಫೋಟೋ ತೆಗೆದುಕೊಳ್ಳಿ, ಹಾಗೆಯೇ ಮಗುವಿನ ಅಳತೆಯ ಕುರ್ಚಿಗೆ ಬದಲಾಯಿಸಿ ಕೊಡಿ ಎನ್ನುತ್ತಾಳೆ. ಮುಖ ಸಿಂಡರಿಸಿಕೊಂಡರೂ ಅವರು ಒಪ್ಪುತ್ತಾರೆ. ಮುಂದಿನ ಸಲ ಆಕೆಯ ಬಗ್ಗೆ ಮೇಲಿನವರಿಗೆ ದೂರು ಹೋಗಬಹುದು. ಅದು ಈ ಕೆಲಸದ ಜೊತೆಗೇ ಬರುವ ಖರ್ಚು.

ಥೆರಪಿಸ್ಟರನ್ನು ಹಿಡಿತದಲ್ಲಿಡಲು ಕಾನೂನು ಇಲ್ಲವೇ? ಬಹಳ ಕಾಲ ದೇಶಕ್ಕೊಂದು ಕಾನೂನು ಇರಲಿಲ್ಲ. ದೆಹಲಿ 1997ರಲ್ಲಿ, ಮಹಾರಾಷ್ಟ್ರ 2002ರಲ್ಲಿ ತಮ್ಮದೇ ಪರಿಷತ್ತಿನ ಕಾನೂನು ಮಾಡಿಕೊಂಡವು. 2021ರಲ್ಲಿ ಸಂಸತ್ತು ಅಲೈಡ್ ಅಂಡ್ ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ತಂದಿತು. ಆಕ್ಯುಪೇಶನಲ್ ಥೆರಪಿಸ್ಟರೂ ಅದರೊಳಗೆ ಬರುತ್ತಾರೆ. ರಾಜ್ಯ ಪರಿಷತ್ತು, ನೋಂದಣಿ, ದುರ್ನಡತೆಗೆ ಶಿಕ್ಷೆ ಎಲ್ಲವೂ ಅದರಲ್ಲಿವೆ. ಆಗಬೇಕಾದದ್ದೇ. ಆದರೆ ಪರಿಷತ್ತಿನ ಕಣ್ಣು ಬಚ್ಚಲ ಪ್ಲಾಸ್ಟಿಕ್ ಹಾಳೆಯ ಹಿಂದಕ್ಕೆ, ಅಡುಗೆಮನೆಯ ಪಿಸುಮಾತಿಗೆ ತಲುಪುವುದಿಲ್ಲ. ಅಲ್ಲಿರುವವರು ರೋಗಿ, ಥೆರಪಿಸ್ಟ್, ಮನೆಯವರು, ಮೂವರೇ. ಮೂವರಲ್ಲಿ ರೋಗಿಯ ದನಿಯೇ ಎಲ್ಲಕ್ಕಿಂತ ಸಣ್ಣದು. ಅದನ್ನು ಮೊದಲು ಕೇಳಿಸಿಕೊಂಡವರು ನೀತಿವಂತರು, ಉಳಿದ ನಿಯಮಗಳೆಲ್ಲ ಇದರ ಹಿಂದೆ ಬರುತ್ತವೆ.

ನಿಮ್ಮ ಮನೆಗೂ ಒಂದು ದಿನ ಥೆರಪಿಸ್ಟ್ ಬರಬಹುದು. ಓದಿದ್ದು ಏನು, ಎಲ್ಲಿ ಎಂದು ಕೇಳಿ, ನೋಂದಣಿ ಇದೆಯೇ ನೋಡಿ. ಕೇಳಲು ಸಂಕೋಚ ಬೇಡ. ಇಷ್ಟು ದಿನದಲ್ಲಿ ವಾಸಿ ಮಾಡುತ್ತೇನೆ ಎಂದು ಗ್ಯಾರಂಟಿ ಕೊಟ್ಟವರನ್ನು ಬಾಗಿಲಿಂದಲೇ ಕಳಿಸಿಬಿಡಿ. ನಿಮಗೆ ಅನುಕೂಲವಾಗುವ ಸುಳ್ಳನ್ನು ಬರೆದುಕೊಡಿ ಎಂದು ಅವರನ್ನು ಒತ್ತಾಯಿಸಬೇಡಿ. ನಿಮಗಾಗಿ ಸುಳ್ಳು ಬರೆದವರು ನಾಳೆ ನಿಮ್ಮ ಮೇಲೆಯೂ ಬರೆದಾರು. ಅವರು ಮಂಚದ ಕಡೆ ತಿರುಗಿ "ನಿಮಗೇನು ಬೇಕು?" ಎಂದು ಕೇಳಿದಾಗ, ದಯವಿಟ್ಟು ನೀವು ಉತ್ತರ ಹೇಳಬೇಡಿ.